ಬುಧವಾರ ಉಪವಾಸ, ಊಟಕ್ಕೆ ಬನ್ನಿ

ಎರಡು ವರ್ಷದ ಹಿಂದೆ ಬೆಂಗಳೂರಿಂದ ಊರಿಗೆ ಬಂದ ಮಗಳು ಊಟಕ್ಕೆ ಕೂತವಳೇ ತಾಟಿಗೆ ಕೈ ಅಡ್ಡ ಹಿಡಿದಳು. "ಅವ್ವಾ, ಮೊಸರ ಬ್ಯಾಡ. ತುಪ್ಪಾನೂ ಬ್ಯಾಡ. ನಾ ವೀಗನ್ ಆಗೇನಿ."

ಗದಗಿನ ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಅಜ್ಜಿಯ ಕಾಲದಿಂದಲೂ ಒಳಗೆ ಬಂದಿಲ್ಲ. ಆದರೆ ಹೋಳಿಗೆಗೆ ತುಪ್ಪ, ರೊಟ್ಟಿಗೆ ಬೆಣ್ಣೆ, ಕೊನೆಗೆ ಮೊಸರನ್ನ. ಏಕಾದಶಿ ದಿನವೂ ಹಾಲು ನಡೆಯುತ್ತದೆ. "ಮತ್ತ ಏನ ತಿಂತೀಯವ್ವಾ?" ಅಂದೆ. ಫೋನಿನಲ್ಲಿ ಪಟ್ಟಿ ತೆಗೆದು ತೋರಿಸಿದಳು. ಲೆಬನಾನಿನ ಹಮ್ಮಸ್, ಥಾಯ್ಲೆಂಡಿನ ಹಸಿರು ಕರಿ, ಜಪಾನಿನ ಮಿಸೋ ಸೂಪು. ನನಗೆ ಗೊತ್ತಿರುವ ಒಂದೇ ಒಂದು ಪರದೇಶ ಆ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮ ಯಜಮಾನರು 2011ರಿಂದ ನಾಲ್ಕು ವರ್ಷ ಇಥಿಯೋಪಿಯಾದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳಿದವರು. ಮಗಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಉಳಿದಳು, ನಾನು ಅವರ ಹಿಂದೆ ಹೋದೆ. ಅಡಿಸ್ ಅಬಾಬಾದ ಮೊದಲ ವಾರ ಒಂದು ಹೋಟೆಲಿನಲ್ಲಿ "ವೆಜಿಟೇರಿಯನ್" ಅಂತ ಮೂರು ಸಲ ಹೇಳಿದೆ. ಸಪ್ಲಾಯರ್ ತಲೆಯಾಡಿಸಿ ಹೋಗಿ ಆಮ್ಲೆಟ್ ತಂದಿಟ್ಟ. ಮರುದಿನ ಇನ್ನೊಂದು ಕಡೆ ಕೋಳಿಯ ತುಂಡುಗಳನ್ನಷ್ಟೇ ಎತ್ತಿಟ್ಟು ಸಾರು ಬಡಿಸಿದರು. ಕಡೆಗೆ ನಾವಿದ್ದ ಮನೆಯ ಯಜಮಾನಿ ಒಂದು ಶಬ್ದ ಕಲಿಸಿದರು. ಅಲ್ಲಿ ವಯಸ್ಸಾದ ಹೆಂಗಸರನ್ನು ಕರೆಯುವ ಹಾಗೆ ನಾನೂ ಅವರನ್ನು ಎಮಾಮಾ ಎನ್ನುತ್ತಿದ್ದೆ.

"ತ್ಸೋಮ್ ಅನ್ನು. ಸಾಕು."

ತ್ಸೋಮ್ ಎಂದರೆ ಉಪವಾಸ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಗೆ ಮಾತ್ರ ಅಡ್ಡಿಯಿಲ್ಲ. ನಮ್ಮ ಮಡಿಗೆ ತೀರ ಉಲ್ಟಾ ಲೆಕ್ಕ. ವರ್ಷದ ಬಹುಪಾಲು ಪ್ರತಿ ಬುಧವಾರ ಮತ್ತು ಶುಕ್ರವಾರ, ಈಸ್ಟರ್ ಮುಂಚೆ ಒಂದೇ ಸಮನೆ 55 ದಿನ, ನಡುನಡುವೆ ಇನ್ನಷ್ಟು. ಸಾಮಾನ್ಯ ಜನಕ್ಕೇ ವರ್ಷದಲ್ಲಿ ಸುಮಾರು 180 ದಿನ, ಪಾದ್ರಿಗಳಿಗೆ 250ರ ಹತ್ತಿರ. ನೇಮ ಹಿಡಿದವರು ಮಧ್ಯಾಹ್ನ ಕಳೆಯುವವರೆಗೆ ನೀರನ್ನೂ ಕುಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ ವೀಗನ್ ಎಂಬ ಶಬ್ದ ಹುಟ್ಟಿದ್ದು 1944ರಲ್ಲಿ. ಇಥಿಯೋಪಿಯಾದ ದೊರೆ ಕ್ರೈಸ್ತನಾಗಿದ್ದು 4ನೇ ಶತಮಾನದಲ್ಲಿ. ಇಷ್ಟು ಶತಮಾನ ವರ್ಷದ ಅರ್ಧ ದಿನ ಬೆಣ್ಣೆಯಿಲ್ಲದೆ ಅಡುಗೆ ಮಾಡಿದ ಹೆಂಗಸರ ಕೈಗೆ ರುಚಿ ಬಾರದೆ ಇದ್ದೀತೆ?

ಹೋಟೆಲಿನಲ್ಲಿ "ತ್ಸೋಮ್ ಬೆಯಾಯ್ನೆತು" ಅಂದರೆ ದೊಡ್ಡ ತಟ್ಟೆಯ ತುಂಬ ದೋಸೆಯಂಥ ಇಂಜೆರಾ ಹಾಸಿ, ಅದರ ಮೇಲೆ ಒಂದೊಂದು ಸೌಟು ಎಲ್ಲ ಬಗೆಯನ್ನೂ ಬಡಿಸಿ ತರುತ್ತಾರೆ. ಕೆಂಪು ಮಸಾಲೆಯ ಚನ್ನಂಗಿ ಬೇಳೆ, ಅದು ಮಿಸಿರ್ ವೋತ್. ಅರಿಶಿನ ಹಾಕಿದ ಬಟಾಣಿ ಬೇಳೆ, ಅದು ಕಿಕ್ ಅಲಿಚಾ. ಗೋಮೆನ್ ಎಂಬ ಸೊಪ್ಪಿನ ಪಲ್ಯ, ಕ್ಯಾಬೀಜು, ಬೀಟ್ರೂಟು. ನಡುವೆ ಕುದಿಯುತ್ತಲೇ ಬರುವ ಶಿರೋ. ಶಿರೋ ಎಂದರೆ ನಮ್ಮ ಝುಣಕದ ಅಣ್ಣನೋ ತಮ್ಮನೋ: ಕಡಲೆ ಮತ್ತು ಇತರ ಕಾಳುಗಳನ್ನು ಮಸಾಲೆ ಜೊತೆ ಬೀಸಿಟ್ಟ ಹಿಟ್ಟನ್ನು ಎಣ್ಣೆ ಉಳ್ಳಾಗಡ್ಡಿಯ ಒಗ್ಗರಣೆಯಲ್ಲಿ ಕುದಿಸುವುದು. ವೋತ್ ಎಂಬ ಗಟ್ಟಿ ಸಾರು ಮಾಡುವಾಗ ಅವರು ಉಳ್ಳಾಗಡ್ಡಿಯನ್ನು ಮೊದಲು ಎಣ್ಣೆಯಿಲ್ಲದೆ ಬರೀ ಪಾತ್ರೆಯಲ್ಲಿ ಬಾಡಿಸುತ್ತಾರೆ. ಎಣ್ಣೆ ಆಮೇಲೆ, ಬೆರ್‌ಬೆರೆ ಎಂಬ ಖಾರದ ಪುಡಿ ಅದರ ಹಿಂದೆ. ಇಪ್ಪತ್ತು ನಿಮಿಷ ಕೈ ಬಿಡದೆ ತಿರುವಬೇಕು. ಬೆಣ್ಣೆ ಕೊಡುವ ಮೈಕಟ್ಟನ್ನು ಇಲ್ಲಿ ಕರಗಿದ ಉಳ್ಳಾಗಡ್ಡಿ ಕೊಡುತ್ತದೆ.

ಇಂಜೆರಾದ ಗುಟ್ಟು ಹಿಡಿಯಲು ಮಾತ್ರ ನನಗೆ ಒಂದು ವರ್ಷ ಬೇಕಾಯಿತು. ಅದನ್ನು ಮಾಡುವುದು ತೆಫ್ ಹಿಟ್ಟಿನಿಂದ. ತೆಫ್ ಎಂಬುದು ಗಸಗಸೆಯಷ್ಟು ಸಣ್ಣ ಕಾಳು, ಒಂದು ಗೋಧಿ ಕಾಳಿನ ತೂಕಕ್ಕೆ ಸುಮಾರು 150 ಬೇಕು. ಹಿಟ್ಟಿಗೆ ನೀರು ಮತ್ತು ಹಿಂದಿನ ಸಲದ ಹಳದಿ ತಿಳಿನೀರು ಸೇರಿಸಿ ಕಲಸಿಡುತ್ತಾರೆ. ಆ ತಿಳಿನೀರು ಎರ್ಶೊ, ಅವರ ಹೆಪ್ಪು. ನಮ್ಮ ದೋಸೆ ಹಿಟ್ಟು ರಾತ್ರಿ ಕಳೆಯುವುದರಲ್ಲಿ ಉಕ್ಕುತ್ತದೆ, ಎರಡು ಸಾವಿರ ಮೀಟರಿಗೂ ಎತ್ತರದ ಆ ತಣ್ಣನೆ ಊರಲ್ಲಿ ಇದಕ್ಕೆ ಮೂರು ದಿನ. ಆಮೇಲೆ ಎಮಾಮಾ ಒಂದು ಪಾಲು ಹಿಟ್ಟನ್ನು ತೆಗೆದು ನೀರಲ್ಲಿ ಕುದಿಸಿ, ಗಂಜಿ ಮಾಡಿ, ಮತ್ತೆ ಅದೇ ಹಿಟ್ಟಿಗೆ ಸುರಿದರು. ಅಬ್ಸಿತ್ ಅಂದರು. ನಾನು ನಕ್ಕುಬಿಟ್ಟೆ. ಜೋಳದ ಹಿಟ್ಟಿಗೆ ನಾವು ಎಸರು ಹೊಯ್ಯುವುದೂ ಇದಕ್ಕೇ ತಾನೇ! ಜೋಳಕ್ಕೂ ತೆಫ್‌ಗೂ ಗೋಧಿಯ ಜಿಗುಟಿಲ್ಲ, ಬೆಂದ ಹಿಟ್ಟೇ ಬೇಯದ ಹಿಟ್ಟನ್ನು ಹಿಡಿದುಕೊಳ್ಳಬೇಕು.

ಹುಯ್ಯುವ ಹೆಂಚು ಮಿತಾದ್, ಎರಡು ಅಡಿ ಅಗಲ. ನಾವು ದೋಸೆಯನ್ನು ನಡುವಿನಿಂದ ಹೊರಗೆ ಹರಡುತ್ತೇವೆ, ಅವರು ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೈತುಂಬ ತೂತು ಬಿದ್ದ ಮೇಲೆ ಮುಚ್ಚಳ. ಆ ತೂತುಗಳಿಗೆ ಅವರ ಭಾಷೆಯಲ್ಲಿ ಕಣ್ಣು ಎಂದೇ ಹೆಸರು. ನನ್ನ ಮೊದಲ ಇಂಜೆರಾ ನೋಡಿದ ಎಮಾಮಾ, "ಇದು ಕುರುಡು" ಅಂದರು.

ಅಲ್ಲಿಯ ಸಂತೆಯಲ್ಲಿ ನಮ್ಮ ಕಡೆಯ ಕಾಳುಗಳು ಎದುರಾದಾಗ ಆದ ಖುಷಿ ಹೇಳತೀರದು. ದಗುಸಾ ಅಂತ ಮಾರುತ್ತಿದ್ದದ್ದು ರಾಗಿ. ನೂಗ್ ಎಂದರೆ ನಮ್ಮ ಗುರೆಳ್ಳು, ದಕ್ಷಿಣದವರ ಹುಚ್ಚೆಳ್ಳು. ವಾಸ್ತವದಲ್ಲಿ ನಾವು ನೆಂಟರ ಮನೆಗೆ ಹೋದವರು, ಅವು ತವರಲ್ಲೇ ಇದ್ದವು. ರಾಗಿಯ ಹುಟ್ಟು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ, ಗುರೆಳ್ಳಿನ ಶಾಸ್ತ್ರೀಯ ಹೆಸರಿನಲ್ಲೇ ಇಥಿಯೋಪಿಯಾದ ಹಳೆಯ ಹೆಸರಾದ ಅಬಿಸೀನಿಯಾ ಇದೆ.

ದೊಡ್ಡ ಉಪವಾಸದ ಒಂದು ಮಧ್ಯಾಹ್ನ ಎಮಾಮಾ ಬೆಳ್ಳಗಿನ, ಹಾಲಿನಂಥ ದ್ರವದಲ್ಲಿ ಇಂಜೆರಾ ಹರಿದು ಹಾಕಿ, ಹಸಿಮೆಣಸಿನಕಾಯಿ ಉದುರಿಸಿ ಮುಂದಿಟ್ಟರು. ಸೂಫ್ ಫಿತ್‌ಫಿತ್. ಉಪವಾಸದಲ್ಲಿ ಹಾಲು ಹೇಗೆ ಅಂದುಕೊಂಡು ತುತ್ತು ಬಾಯಿಗಿಟ್ಟೆ. ಕುಸುಬಿ! ಅಜ್ಜಿ ಕುಸುಬಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಬೆಲ್ಲದ ಹುಗ್ಗಿ ಮಾಡುತ್ತಿದ್ದಳು. ಇಲ್ಲಿ ಬೆಲ್ಲದ ಬದಲು ಉಪ್ಪು, ಖಾರ. ನಾನು ಸುಮ್ಮನೆ ಕೂತದ್ದು ನೋಡಿ ಅವರೇ ಒಂದು ತುತ್ತು ಕಟ್ಟಿ ನನ್ನ ಬಾಯಿಗಿಟ್ಟರು. ಹಾಗೆ ತಿನ್ನಿಸುವುದಕ್ಕೆ ಗುರ್ಶಾ ಎನ್ನುತ್ತಾರೆ, ಬೇಡ ಅನ್ನುವ ಹಾಗಿಲ್ಲ.

ಮಗಳಿಗೆ ಇದನ್ನೆಲ್ಲ ಹೇಳುತ್ತಾ ಅಪಾಯದ ಜಾಗಗಳನ್ನೂ ಹೇಳಿದೆ. ಶಿರೋದಲ್ಲಿ ಬೊಜೆನಾ ಎಂಬ ಬಗೆ ಇದೆ, ಅದರಲ್ಲಿ ಮಾಂಸದ ಚೂರು. ಉಪವಾಸವಿಲ್ಲದ ದಿನ ಮಾಮೂಲಿ ಶಿರೋಗೂ ಮಸಾಲೆ ತುಪ್ಪ ಬೀಳಬಹುದು. ಕೆಲವು ಹೋಟೆಲುಗಳು ಮೀನನ್ನು ಉಪವಾಸದ ಪಟ್ಟಿಯಲ್ಲೇ ಇಡುತ್ತವೆ. ತೆಜ್ ಎಂಬ ಮದ್ಯ ಜೇನಿನದು, ವೀಗನ್ನರಿಗೆ ಜೇನೂ ನಿಷಿದ್ಧವಂತೆ. (ನನಗೆ ಇದು ಅತಿ ಅನಿಸುತ್ತದೆ, ಆದರೆ ಬಾಯಿ ಅವಳದು.)

ಅವಳ ಪಟ್ಟಿಯನ್ನೂ ಆಮೇಲೆ ಇಬ್ಬರೂ ಕೂತು ಸೋಸಿದೆವು. ಹಮ್ಮಸ್ ಪಾಸು: ಕಡಲೆ, ಎಳ್ಳು, ನಿಂಬೆ. ಥಾಯ್ ಕರಿಯ ಮಸಾಲೆಯಲ್ಲಿ ಬಹುತೇಕ ಒಣ ಸಿಗಡಿಯ ಗೊಜ್ಜು ಇರುತ್ತದೆ. ಮಿಸೋ ಸೂಪಿನ ತಿಳಿಗೆ ಸಾಮಾನ್ಯವಾಗಿ ಒಣಮೀನಿನ ಚಕ್ಕೆ ಹಾಕುತ್ತಾರೆ. ಜಪಾನಿನಲ್ಲೂ ದಾರಿ ತೋರಿಸುವುದು ದೇವರ ಮನೆಯೇ, ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಆ ತಿಳಿಯನ್ನು ಕಡಲಕಳೆ, ಅಣಬೆಯಿಂದ ತೆಗೆಯುತ್ತಾರೆ. ಗ್ರೀಸಿನಲ್ಲಿ ಈಸ್ಟರ್ ಮುಂಚಿನ ಉಪವಾಸದೂಟವನ್ನೇ ಹೆಸರು ಹಿಡಿದು ಕೇಳು, ನಿಸ್ತಿಸಿಮಾ ಅನ್ನು, ಆದರೆ ಅವರ ಉಪವಾಸಕ್ಕೆ ಸಿಗಡಿ, ಅಷ್ಟಪದಿ ನಡೆಯುತ್ತವೆ ಎಂಬುದು ನೆನಪಿರಲಿ ಅಂದೆ. ಅವಳು ಅದನ್ನೆಲ್ಲ ಫೋನಿಗೆ ಬರೆದುಕೊಂಡಳು.

ಆ ವಾರದ ಬುಧವಾರ ಕುಸುಬಿ ಹಿಂಡಿದೆ. ಉಪ್ಪು, ಹಸಿಶುಂಠಿ, ಹಸಿಮೆಣಸಿನಕಾಯಿ ಹಾಕಿದೆ. ತೆಫ್ ಎಲ್ಲಿಂದ ತರಲಿ, ಹಿಂದಿನ ದಿನದ ಜೋಳದ ರೊಟ್ಟಿ ಮುರಿದು ನೆನೆಸಿದೆ. ಮಗಳು ಎರಡು ಬಟ್ಟಲು ತಿಂದು, "ಇದಕ್ಕ ಏನಂತಾರವ್ವಾ?" ಅಂದಳು. ಒಂದು ತುತ್ತು ಕಟ್ಟಿ ಅವಳ ಬಾಯಿಗಿಟ್ಟೆ.

ಯಜಮಾನರೂ ಬಟ್ಟಲು ಖಾಲಿ ಮಾಡಿದರು. ಆಮೇಲೆ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ಮೊಸರು ಕೇಳಿದರು.