ಬೆಳಕಿನ ದಾರಿ ಹಿಡಿದು ಚಿತ್ರ ನೋಡುವುದು

ಪ್ರಶ್ನೆ: ಚಿತ್ರ ನೋಡಿದಾಗ ‘ಚೆನ್ನಾಗಿದೆ’ ಎನ್ನುವುದು ಬಿಟ್ಟರೆ ಏನೂ ತೋಚುವುದಿಲ್ಲ. ಚಿತ್ರವನ್ನು ಬಿಡಿಸಿ ನೋಡುವುದು ಹೇಗೆ?

ಉತ್ತರ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವಿದೆಯಲ್ಲ, ಅದನ್ನೇ ತೆಗೆದುಕೊಳ್ಳಿ. 1940ರ ದಶಕದಲ್ಲಿ ಎಸ್.ಎಲ್. ಹಲ್ದಂಕರ್ ಬರೆದದ್ದು (ರವಿವರ್ಮನದೆಂದು ಎಷ್ಟೋ ಜನ ತಿಳಿದಿದ್ದಾರೆ). ಅರ್ಥ ಹುಡುಕುವ ಆತುರ ಬೇಡ. ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ದೀಪದ ಕುಡಿಯನ್ನು ಕೈ ಮರೆಮಾಡಿದೆ. ಬೆಳಕು ಬೆರಳುಗಳನ್ನು ಕೆಂಪಗಾಗಿಸಿ, ಗದ್ದ, ಕೆನ್ನೆಗೆ ತಾಗಿ, ಸೀರೆಯ ಮಡಿಕೆಗಳಲ್ಲಿ ಮಂಕಾಗುತ್ತ ಹೋಗುತ್ತದೆ. ನಮ್ಮ ಕಣ್ಣೂ ಅದೇ ದಾರಿಯಲ್ಲಿ ಸಾಗುತ್ತದೆ. ಕಲಾವಿದನ ಸಂಯೋಜನೆ ಇರುವುದು ಅಲ್ಲೇ.

ಇನ್ನು ಮಾಧ್ಯಮ. ಇದು ಜಲವರ್ಣ. ತೈಲವರ್ಣದಲ್ಲಾದರೆ ಕಡೆಗೆ ಬಿಳಿ ಹಚ್ಚಿ ಬೆಳಕು ತರಬಹುದು. ಜಲವರ್ಣದಲ್ಲಿ ಸಾಮಾನ್ಯವಾಗಿ ಕಾಗದದ ಬಿಳುಪೇ ಬೆಳಕು. ಅದನ್ನು ಉಳಿಸಿಕೊಂಡೇ ಸುತ್ತ ಕತ್ತಲನ್ನು ಕಟ್ಟಬೇಕು. ಇಷ್ಟು ದೊಡ್ಡ ಚಿತ್ರದಲ್ಲಿ ಅದು ಅಸಾಮಾನ್ಯ ಹಿಡಿತ.

ಇಷ್ಟಾದ ಮೇಲೆ ಅರ್ಥ ಕೇಳಿ. ಆರದಂತೆ ದೀಪ ಕಾಯುವ ಕೈಯಲ್ಲಿ ನನಗೆ ಭರವಸೆಗಿಂತ ಎಚ್ಚರವೇ ಹೆಚ್ಚು ಕಾಣುತ್ತದೆ. ನಿಮಗೆ ಬೇರೆ ಕಂಡರೆ, ಚಿತ್ರದ ಯಾವ ಭಾಗ ಹಾಗನ್ನಿಸಿತೆಂದು ತೋರಿಸಿ. ಆಮೇಲೆ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನೂ ಹೀಗೆಯೇ ನೋಡಿ.