ಮರದ ಬಳೆ ಮತ್ತು ಮಳೆಯ ಇತಿಹಾಸ: ಚಿಕ್ಕಮಗಳೂರಿನ ಕಾಫಿಮಲೆಗಳನ್ನು ಕುರಿತು ಒಂದು ವಿವೇಚನೆ

೧

ಇತಿಹಾಸಾಭ್ಯಾಸಿಗಳಾದ ನಮಗೆ ಶಾಸನ, ಕಡತ, ಕೈಫಿಯತ್ತು, ಸರಕಾರಿ ವರದಿ ಇವೇ ಮುಖ್ಯವಾದ ಪ್ರಮಾಣಗಳು. ಅರಸರ ವಂಶಾವಳಿ, ದಾನದತ್ತಿ, ಯುದ್ಧ, ಕಂದಾಯ ಇವುಗಳ ವಿಷಯದಲ್ಲಿ ಅವು ಧಾರಾಳವಾಗಿ ನುಡಿಯುತ್ತವೆ. ಆದರೆ ಇಂಥ ಸಂವತ್ಸರದಲ್ಲಿ ಮಳೆ ಎಷ್ಟಾಯಿತೆಂದು ಕೇಳಿದರೆ ಬಹುಮಟ್ಟಿಗೆ ಮೌನ ತಾಳುತ್ತವೆ. ಬಿ. ಎಲ್. ರೈಸರು ೧೯೦೧ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಆರನೆಯ ಸಂಪುಟದಲ್ಲಿ ಅಂದಿನ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಸೀಮೆಯ, ಶಾಸನಗಳು ಸೇರಿವೆ. ಗದ್ದೆ, ತೋಟ, ಕೆರೆಗಳ ಮಾತು ಶಾಸನಗಳಲ್ಲಿ ಬೇಕಾದಷ್ಟುಂಟು. ಆ ಗದ್ದೆಗಳನ್ನು ನನೆಯಿಸಿದ ಮಳೆಯ ಅಳತೆಯನ್ನು ಅವುಗಳಿಂದ ಪಡೆಯಲಾರೆವು.

೨೦೧೯ರ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳು ಜರಿದು ಮನೆ ತೋಟಗಳು ಮಣ್ಣಿನಡಿಗೆ ಹೋದಾಗ, ಇಂಥ ಮಳೆ ಈ ಸೀಮೆಗೆ ಹಿಂದೆಯೂ ಬಂದದ್ದುಂಟೆ ಎಂಬ ಪ್ರಶ್ನೆ ಎಲ್ಲರ ಬಾಯಲ್ಲಿಯೂ ಇದ್ದಿತು. ಹಿರಿಯರ ನೆನಪು ಎರಡು ಮೂರು ತಲೆಮಾರಿಗೆ ನಿಂತುಹೋಗುತ್ತದೆ. ಅದಕ್ಕೂ ಹಿಂದಿನ ಸಾಕ್ಷಿಯನ್ನು ಮರಗಳಲ್ಲಿ ಹುಡುಕಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ಸಾಕ್ಷಿ ಯಾವ ಬಗೆಯದು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಕಾಫಿಮಲೆಗಳಲ್ಲಿ ಅದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಮೂಡಿಗೆರೆಯ ಬಳಿಯ ಒಂದು ತೋಟದಲ್ಲಿ ಕಡಿದುರುಳಿಸಿದ್ದ ಹಳೆಯ ಗಂಧಗರಿಗೆ ಮರದ ಬುಡವನ್ನು ನಾವು ಕೆಲವು ವಿದ್ಯಾರ್ಥಿಗಳೊಡನೆ ನೋಡಿದ್ದೆವು. ಬಳೆಗಳು ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತಿದ್ದುವು. ಆದರೂ ಬುಡದ ಒಂದು ಮಗ್ಗುಲಿನಿಂದ ಎಣಿಸಿದವರ ಲೆಕ್ಕಕ್ಕೂ ಇನ್ನೊಂದು ಮಗ್ಗುಲಿನಿಂದ ಎಣಿಸಿದವರ ಲೆಕ್ಕಕ್ಕೂ ಐದು ಬಳೆಗಳ ವ್ಯತ್ಯಾಸ ಬಂದಿತು. ಯಾರೂ ತಪ್ಪಿ ಎಣಿಸಿರಲಿಲ್ಲ. ಈ ಐದು ಬಳೆಗಳ ವ್ಯತ್ಯಾಸವನ್ನು ಅರ್ಥಮಾಡಿಕೊಂಡರೆ ಈ ಶಾಸ್ತ್ರದ ಅರ್ಧಭಾಗವನ್ನು ತಿಳಿದಂತೆಯೇ ಸರಿ.

ತೇಗದ ಮರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೇಸಗೆಯಲ್ಲಿ ಅದು ಎಲೆಯುದುರಿಸಿ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಮೊದಲ ಮಳೆಗಳು ಬಿದ್ದೊಡನೆ ಚಿಗುರಿ, ನೀರನ್ನು ಬೇಗಬೇಗ ಮೇಲಕ್ಕೆ ಸಾಗಿಸಲು ದೊಡ್ಡ ನಾಳಗಳುಳ್ಳ ಸಡಿಲವಾದ ಮರವನ್ನು ಕಟ್ಟುತ್ತದೆ. ಮಳೆಗಾಲ ಮುಂದುವರಿದಂತೆ ನಾಳಗಳು ಕಿರಿದಾಗಿ ಮರ ಒತ್ತಾಗುತ್ತದೆ. ಮರುವರ್ಷದ ದೊಡ್ಡ ನಾಳಗಳ ಸಾಲು ಇದರ ಹೊರಗೆ ಬಂದು ನಿಂತಾಗ ಒಂದು ಬಳೆ ಮುಗಿದಂತೆ. ನಮ್ಮ ಸಂವತ್ಸರವೂ ಯುಗಾದಿಯಿಂದ ಆರಂಭವಾಗುವುದರಿಂದ ಮರದ ವರ್ಷಕ್ಕೂ ಪಂಚಾಂಗದ ವರ್ಷಕ್ಕೂ ಹೆಚ್ಚಿನ ಅಂತರವಿಲ್ಲ. ೧೮೭೬ರ ಮಳೆಯಲ್ಲಿ ಬೆಳೆದ ಬಳೆಯನ್ನು ಧಾತು ಸಂವತ್ಸರದ ಬಳೆಯೆಂದೇ ಕರೆಯಬಹುದು.

ಆದರೆ ಪ್ರತಿ ವರ್ಷವೂ ಒಂದೇ ಬಳೆ ಬರುತ್ತದೆಂದು ಹೇಳುವಂತಿಲ್ಲ. ಮಳೆ ನಡುವೆ ಬಹುಕಾಲ ತಡೆದು ಮತ್ತೆ ಬಂದರೆ ಒಂದೇ ವರ್ಷದಲ್ಲಿ ಎರಡು ಬಳೆಗಳಿರುವಂತೆ ತೋರಬಹುದು. ಕಡುಬರದಲ್ಲಿ ಕಾಂಡದ ಒಂದು ಮಗ್ಗುಲಿನಲ್ಲಿ ಬಳೆ ಮೂಡದೆಯೇ ಹೋಗಬಹುದು. ಪ್ರತಿಕಾರನು ಒಂದು ಸಾಲನ್ನು ಬಿಡುವುದೂ ಇನ್ನೊಂದನ್ನು ಎರಡು ಸಲ ಬರೆಯುವುದೂ ಗ್ರಂಥಸಂಪಾದಕರಿಗೆ ಪರಿಚಿತವಾದ ಸಂಗತಿ. ಅವರು ಹಲವು ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವಂತೆ, ಇಲ್ಲಿಯೂ ಒಂದೇ ಸೀಮೆಯ ಹತ್ತಾರು ಮರಗಳ ಬಳೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಕಿರಿದಾದ ಬಳೆಗಳ ಅನುಕ್ರಮ ಎಲ್ಲದರಲ್ಲಿಯೂ ಹೊಂದುವವರೆಗೆ ಪರಿಶೀಲಿಸುತ್ತಾರೆ. ಅಮೆರಿಕದ ಅರಿಜೋನದಲ್ಲಿ ಎ. ಇ. ಡಗ್ಲಸ್ ಎಂಬ ಖಗೋಳಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಹೋಲಿಕೆಯ ಕ್ರಮವನ್ನು ಬಳಕೆಗೆ ತಂದರು. ೧೯೨೯ರಲ್ಲಿ ಅದರಿಂದಲೇ ಅಲ್ಲಿಯ ಪ್ರಾಚೀನ ಪಾಳುಮನೆಗಳ ತೊಲೆಗಳಿಗೆ ನಿಶ್ಚಿತವಾದ ವರ್ಷಗಳು ದೊರೆತುವು. ಈ ಕೆಲಸಕ್ಕೆ ಮರವನ್ನು ಕಡಿಯಬೇಕಾಗಿಲ್ಲ. ಟೊಳ್ಳಾದ ಬೈರಿಗೆಯಿಂದ ಪೆನ್ಸಿಲಿಗಿಂತ ತೆಳುವಾದ ಒಂದು ಕಡ್ಡಿಯನ್ನು ತೆಗೆದರೆ ಸಾಕು.

೩

ನಮ್ಮ ದೇಶದಲ್ಲಿ ಈ ಮಾರ್ಗದಿಂದ ಏನು ಸಿದ್ಧಿಸಿದೆ? ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ಸಂಶೋಧಕರು ಕೇರಳದ ತೇಗಗಳಿಂದ ೧೪೮೧ರಿಂದ ೨೦೦೩ರವರೆಗಿನ ೫೨೩ ವರ್ಷಗಳ ಬಳೆಗಳ ಸರಣಿಯೊಂದನ್ನು ಕಟ್ಟಿ ೨೦೧೦ರಲ್ಲಿ ಪ್ರಕಟಿಸಿದರು. ೧೪೮೧ ಎಂದರೆ ವಿಜಯನಗರದಲ್ಲಿ ಸಂಗಮ ವಂಶವು ಇನ್ನೂ ಆಳುತ್ತಿದ್ದ ಕಾಲ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ, ಮುಂಗಾರು ಸೋತಾಗ, ಆ ತೇಗಗಳ ಬಳೆಗಳೂ ಕಿರಿದಾಗಿರುವುದು ಈ ಸರಣಿಯಿಂದ ಕಂಡುಬಂದಿತು. ಅದೇ ೨೦೧೦ರಲ್ಲಿ ಎಡ್ವರ್ಡ್ ಕುಕ್ ಮತ್ತು ಅವರ ಸಂಗಡಿಗರು ಏಷ್ಯದ ಮುಂಗಾರು ಪ್ರದೇಶಗಳ ಮುನ್ನೂರಕ್ಕೂ ಹೆಚ್ಚು ಬಳೆಸರಣಿಗಳನ್ನು ಒಟ್ಟುಗೂಡಿಸಿ ಏಳು ಶತಮಾನಗಳ ಬರಗಳ ಭೂಪಟವನ್ನು ರಚಿಸಿದರು. ಅವರು ಎತ್ತಿತೋರಿಸಿದ ನಾಲ್ಕು ಮಹಾಬರಗಳಲ್ಲಿ ಎರಡು ನಮ್ಮವರಿಗೆ ಹೊಸವಲ್ಲ. ೧೭೯೦-೯೬ರ ಬರದ ಅವಧಿಯಲ್ಲಿಯೇ, ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಹೆಸರು ಪಡೆದ ಡೋಜಿ ಬರ ಬರುತ್ತದೆ. ೧೮೭೬-೭೮ರದು ಧಾತು ಈಶ್ವರ ಬರ. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು.

ಇಲ್ಲಿ ಕಾಫಿಮಲೆಯ ಇತಿಹಾಸಕಾರನಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಧಾತು ಈಶ್ವರ ಬರದ ಬಾಧೆ ಬಯಲುಸೀಮೆಯಲ್ಲಿ ಘೋರವಾಗಿ, ಮಲೆನಾಡಿನಲ್ಲಿ ಅಷ್ಟಾಗಿ ತಟ್ಟದೆ ಹೋಯಿತೆಂಬುದು ಪ್ರಸಿದ್ಧ. ಇದು ಘಟ್ಟದ ಮೇಲೆ ಮಳೆ ಚೆನ್ನಾಗಿ ಬಂದುದರ ಫಲವೆ? ಅಥವಾ ಅಲ್ಲಿಯೂ ಮಳೆ ಕಡಮೆಯಾಗಿದ್ದು, ಕಡಮೆಯಾದರೂ ಗದ್ದೆಗೆ ಸಾಕಾಗುವಷ್ಟಿದ್ದುದರ ಫಲವೆ? ಬರವೆಂಬುದು ಎಷ್ಟರ ಮಟ್ಟಿಗೆ ಆಕಾಶದ ಕಾರ್ಯ, ಎಷ್ಟರ ಮಟ್ಟಿಗೆ ಧಾನ್ಯದ ಬೆಲೆ, ಸಾಗಣೆ, ಆಡಳಿತಗಳ ಕಾರ್ಯ ಎಂಬ ಚರ್ಚೆಗೆ ಈ ಉತ್ತರ ಬಹುಮುಖ್ಯವಾದುದು. ಕಡತಗಳು ಹೇಳದಿರುವುದನ್ನು ಮರ ಹೇಳಬಹುದೆ?

೪

ಬಳೆಯ ಅಗಲವೊಂದನ್ನೇ ನೆಚ್ಚಿದರೆ ಕಾಫಿಮಲೆಯಲ್ಲಿ ಮೋಸಹೋಗುವ ಸಂಭವ ಹೆಚ್ಚು. ಇದಕ್ಕೆ ಕಾರಣಗಳು ಮೂರು.

ಮೊದಲನೆಯದು, ಯಾವುದು ಕೊರತೆಯೋ ಅದನ್ನೇ ಬಳೆ ದಾಖಲಿಸುತ್ತದೆ. ಕಡೂರಿನ ಕಡೆ ವರ್ಷದ ಮಳೆ ಸುಮಾರು ೬೦೦ ಮಿಲಿಮೀಟರು. ಮೂಡಿಗೆರೆಯಲ್ಲಿ ಅದು ೨,೦೦೦ವನ್ನು ಮೀರುತ್ತದೆ. ಕಳಸ ಕುದುರೆಮುಖಗಳ ಕಡೆ ಇನ್ನೂ ಅಧಿಕ. ನೀರು ತುಂಬಿತುಳುಕುವಲ್ಲಿ ಮಳೆ ಸ್ವಲ್ಪ ಹೆಚ್ಚು ಕಡಮೆಯಾದರೆ ಮರಕ್ಕೆ ಅದರ ಚಿಂತೆಯಿಲ್ಲ. ಎರಡನೆಯದು, ಕಳಸದ ನಿತ್ಯಹರಿದ್ವರ್ಣದ ಮರಗಳಲ್ಲಿ ಅನೇಕಕ್ಕೆ ಸ್ಪಷ್ಟವಾದ ಬಳೆಗಳೇ ಇಲ್ಲ. ಮೂರನೆಯದು ತೋಟಗಾರರಿಗೆಲ್ಲ ತಿಳಿದ ಸಂಗತಿ: ಕಾಫಿಗೆ ಬೆಳಕು ಬೇಕಾದಷ್ಟು ದೊರೆಯಲೆಂದು ನೆರಳುಮರಗಳಿಗೆ ಮರಗಸಿ ಮಾಡುತ್ತಾರೆ. ಕೊಂಬೆಗಳನ್ನು ಕಳೆದುಕೊಂಡ ಮರ ಆ ವರ್ಷ ಕಿರಿದಾದ ಬಳೆಯನ್ನು ಹಾಕಿದರೆ ಅದು ಬರದ ಗುರುತಲ್ಲ, ಕತ್ತಿಯ ಗುರುತು.

ಐಸೋಟೋಪುಗಳ, ಎಂದರೆ ಸಮಸ್ಥಾನಿಗಳ, ಪರೀಕ್ಷೆ ನೆರವಾಗುವುದು ಇಲ್ಲಿಯೇ. ಒಂದೇ ಮೂಲವಸ್ತುವಿನ ಪರಮಾಣುಗಳು ತೂಕದಲ್ಲಿ ಭಿನ್ನವಾಗಿರಬಹುದು. ಆಮ್ಲಜನಕದ ಬಹುಭಾಗ ೧೬ರ ತೂಕದ್ದು; ಸಾವಿರಕ್ಕೆ ಎರಡರಷ್ಟು ೧೮ರ ತೂಕದ್ದು. ಮೋಡವು ನೀರನ್ನು ಸುರಿಸುವಾಗ ಭಾರವಾದ ಆಮ್ಲಜನಕವುಳ್ಳ ನೀರು ಮೊದಲು ಇಳಿಯುತ್ತದೆ. ಮಳೆ ಧಾರಾಳವಾಗಿ ಮುಂದುವರಿದಂತೆ ಉಳಿದ ನೀರಿನಲ್ಲಿ ಭಾರದ ಅಂಶ ತಗ್ಗುತ್ತ ಹೋಗುತ್ತದೆ. ಬೇರು ಹೀರಿದ ಆ ನೀರು ಎಲೆಯಲ್ಲಿ ಸ್ವಲ್ಪ ಆವಿಯಾಗಿ, ಕೊನೆಗೆ ಮರದ ಸೆಲ್ಯುಲೋಸಿನಲ್ಲಿ ತನ್ನ ಗುರುತನ್ನು ಉಳಿಸುತ್ತದೆ. ಇಂಗಾಲದ ರೀತಿ ಬೇರೆ. ನೀರು ಸಾಲದಾದಾಗ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕಿದ ಅಂಗಾರಾಮ್ಲ ವಾಯುವಿನಲ್ಲಿ ಹಗುರವಾದುದನ್ನೇ ಆರಿಸಿಕೊಳ್ಳುವ ಅವಕಾಶ ತಪ್ಪುವುದರಿಂದ ಇಂಗಾಲ-೧೩ರ ಪ್ರಮಾಣ ಬಳೆಯಲ್ಲಿ ಹೆಚ್ಚುತ್ತದೆ. ಕೊಂಬೆ ಕಡಿದರೆ ಮರದ ಬೆಳವಣಿಗೆ ತಗ್ಗಬಹುದು. ಅದು ಕುಡಿದ ಮಳೆನೀರಿನ ಗುಣವೇನೂ ಮಾರ್ಪಡದು. ಆದುದರಿಂದ ಕಾಫಿತೋಟದ ಮರದಲ್ಲಿ ಅಗಲಕ್ಕಿಂತ ಆಮ್ಲಜನಕದ ಸಾಕ್ಷ್ಯ ಹೆಚ್ಚು ವಿಶ್ವಾಸಾರ್ಹವೆನ್ನಬಹುದು.

ಭಾರತದ ತೇಗದಲ್ಲಿ ಇಂಥ ಪರೀಕ್ಷೆ ಹೊಸದಲ್ಲ. ಆರ್. ರಮೇಶ್ ಮೊದಲಾದವರು ಮಹಾರಾಷ್ಟ್ರದ ಠಾಣೆಯ ತೇಗದ ಜಲಜನಕ ಐಸೋಟೋಪುಗಳನ್ನು ಪರೀಕ್ಷಿಸಿ ೧೯೮೯ರಲ್ಲಿಯೇ ಪ್ರಕಟಿಸಿದ್ದರು. ಇದೇ ತತ್ತ್ವವನ್ನು ಕಲ್ಲಿಗೂ ಅನ್ವಯಿಸಬಹುದು. ಉತ್ತರ ಕನ್ನಡದ ಅಕಳಗವಿಯಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣಗಲ್ಲಿನಿಂದ ೩೩೧ ವರ್ಷಗಳ ಮಳೆಯ ಏರಿಳಿತವನ್ನು ಗುರುತಿಸಿದ ಸಂಶೋಧನೆ ೨೦೦೪ರಲ್ಲಿ ಬೆಳಕಿಗೆ ಬಂದಿತು. ನೀಲಗಿರಿಯ ಜೌಗುಮಣ್ಣಿನ ಇಂಗಾಲವನ್ನು ಆರ್. ಸುಕುಮಾರ್ ಮತ್ತು ಇತರರು ೧೯೯೩ರಲ್ಲಿ ಪರೀಕ್ಷಿಸಿ, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಒಣಕಾಲದಲ್ಲಿಯೇ ಅಲ್ಲಿ ಹುಲ್ಲುಗಾವಲು ಹರಡಿತ್ತೆಂದು ತೋರಿಸಿದರು. ಬಾಬಾಬುಡನ್ ಗಿರಿಯ ಬೋಳುನೆತ್ತಿ ಮನುಷ್ಯನು ಕಾಡು ಕಡಿದುದರಿಂದಲೇ ಆದುದೆಂದು ತೀರ್ಪುಕೊಡುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಆದರೆ ಐಸೋಟೋಪಿನ ಭಾಷೆಯೂ ಎಲ್ಲೆಡೆಯೂ ಒಂದೇ ಅಲ್ಲ. ಬಳೆಯ ಯಾವ ಭಾಗ ಹೂಮಳೆಯಲ್ಲಿ ಬೆಳೆಯಿತು, ಯಾವುದು ಮುಂಗಾರಿನಲ್ಲಿ, ಯಾವುದು ಹಿಂಗಾರಿನಲ್ಲಿ ಎಂಬುದನ್ನು ಅವಲಂಬಿಸಿ ಅರ್ಥ ಬದಲಾಗುತ್ತದೆ. ಆದುದರಿಂದ ಅಳೆದ ಮಳೆಯ ಲೆಕ್ಕದೊಡನೆ ತಾಳೆನೋಡದೆ ಮರದ ಮಾತನ್ನು ಹಿಂದಿನ ಶತಮಾನಗಳಿಗೆ ಒಯ್ಯಲಾಗದು.

೫

ಅಳೆದ ಮಳೆಯ ಲೆಕ್ಕ ಈ ಸೀಮೆಯಲ್ಲಿರುವಷ್ಟು ಬೇರೆಡೆ ದೊರೆಯುವುದು ಅಪರೂಪ. ಕಾಫಿ ಬೆಳೆಗಾರನ ಅದೃಷ್ಟವೆಲ್ಲ ಹೂಮಳೆಯ ಮೇಲೆ ನಿಂತಿರುವುದರಿಂದ, ತೋಟದ ಬಂಗಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಇಂಚು ಸೆಂಟುಗಳ ಲೆಕ್ಕವನ್ನು ದಿನದಿನವೂ ಬರೆದಿಡುವ ರೂಢಿ ಇಲ್ಲಿ ಮನೆತನದ ಆಚಾರದಂತೆ ನಡೆದುಬಂದಿದೆ. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನ ಕೇಂದ್ರವೂ ಇದೇ ಸೀಮೆಯದು. ಇನ್ನು ಹಳೆಯ ಮರಗಳೆಂದರೆ, ಭದ್ರಾ ಅಭಯಾರಣ್ಯದಲ್ಲಿ ಮುನ್ನೂರು ವರ್ಷಕ್ಕೂ ಮಿಕ್ಕಿದ ಪ್ರಾಯದ್ದೆಂದು ಎಣಿಸಲಾಗುವ 'ಜಾಗರ ಜೈಂಟ್' ಎಂಬ ತೇಗವಿದೆ, ತೋಟಗಳಲ್ಲಿ ಗಂಧಗರಿಗೆಗಳಿವೆ, ತೊಟ್ಟಿಮನೆಗಳಲ್ಲಿ ತೊಲೆ ಕಂಬಗಳಿವೆ. ತೊಲೆಯ ಹೊರಬಳೆಗಳನ್ನು ಬಡಗಿ ಹೆರೆದು ತೆಗೆದಿದ್ದರೆ ಮರ ಕಡಿದ ವರ್ಷ ತಿಳಿಯದು, ಇಂಥ ವರ್ಷಕ್ಕಿಂತ ಮುಂಚೆ ಕಡಿದದ್ದಲ್ಲ ಎಂಬಷ್ಟೇ ತಿಳಿಯುತ್ತದೆ. ಅದೂ ಇತಿಹಾಸಕ್ಕೆ ಉಪಯುಕ್ತವಾದುದೇ.

ಇನ್ನು ೨೦೧೯ರ ಪ್ರಶ್ನೆಗೆ ಬರೋಣ. ಬಳೆಯು ಒಂದು ಋತುವಿನ ಒಟ್ಟು ಸ್ಥಿತಿಯನ್ನು ಹೇಳೀತೇ ಹೊರತು, ನಾಲ್ಕು ದಿನಗಳಲ್ಲಿ ಸುರಿದು ಗುಡ್ಡವನ್ನು ಕೆಡಹಿದ ಮಳೆಯನ್ನು ನೇರವಾಗಿ ಹೇಳಲಾರದು. ಅಂಥ ದಿನಗಳಿಗೆ ತೋಟದ ಮಳೆಪುಸ್ತಕವೇ ಸಾಕ್ಷಿ. ಆದರೆ ಜರಿದ ಇಳಿಜಾರಿನಲ್ಲಿ ವಾಲಿಯೂ ಬದುಕಿ ಉಳಿದ ಮರ ತನ್ನನ್ನು ನೆಟ್ಟಗೆ ಮಾಡಿಕೊಳ್ಳಲು ಒಂದು ಮಗ್ಗುಲಿನಲ್ಲಿ ಬಳೆಯನ್ನು ದಪ್ಪಗೆ ಕಟ್ಟುತ್ತದೆ. ಆ ಓರೆ ಬಳೆ ಆರಂಭವಾಗುವ ವರ್ಷವೇ ಗುಡ್ಡ ಸರಿದ ವರ್ಷ. ಹಿಂದೆಯೂ ಈ ಗುಡ್ಡಗಳು ಸರಿದಿದ್ದುವೆ, ಯಾವಾಗ ಸರಿದುವು ಎಂಬುದನ್ನು ಬಾಗಿದ ಮರಗಳಿಂದ ತಿಳಿಯಬಹುದು. ಎಲ್ಲಿ ಮನೆ ಕಟ್ಟಬಾರದೆಂಬ ವಿವೇಕಕ್ಕೂ ಅದು ದಾರಿ.

ಈ ಸಾಕ್ಷಿಗಳೆಲ್ಲ ದಿನದಿನವೂ ಕರಗುತ್ತಿವೆ. ಹಳೆಯ ನೆರಳುಮರಗಳ ಸ್ಥಾನಕ್ಕೆ ಸಿಲ್ವರ್ ಓಕ್ ಬಂದಿದೆ. ತೊಟ್ಟಿಮನೆಗಳ ತೊಲೆಗಳು ಮಾರಾಟವಾಗುತ್ತಿವೆ. ನಾವು ನೋಡಿದ ಆ ಗಂಧಗರಿಗೆಯ ದಿಮ್ಮಿ ವಾರದೊಳಗೆ ಹಲಗೆಯಾಯಿತು. ಅದೇ ತೋಟದ ಹಳೆಯ ಮಳೆಪುಸ್ತಕಗಳ ಅರ್ಧ ಭಾಗವನ್ನು ಗೆದ್ದಲು ತಿಂದಿತ್ತು. ಐಸೋಟೋಪುಗಳನ್ನು ಅಳೆಯುವ ಯಂತ್ರ ನಮ್ಮ ಕಾಲೇಜುಗಳಲ್ಲಿಲ್ಲದಿರಬಹುದು. ಆದರೆ ಮಳೆಪುಸ್ತಕಗಳನ್ನು ಪ್ರತಿಮಾಡುವುದು, ಕಡಿದ ಹಳೆಯ ಮರದಿಂದ ಒಂದು ಬಿಲ್ಲೆಯನ್ನು ಬೇಡಿ ತಂದು, ಊರು, ಇಳಿಜಾರು, ಕಡಿದ ದಿನ, ಮರಗಸಿಯ ವಿವರ ಇವನ್ನು ಬರೆದು ಒಣಗಿದೆಡೆ ಇರಿಸುವುದು ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಶಾಸನದ ಕಲ್ಲು ನೂರಾರು ವರ್ಷ ಬಿಸಿಲು ಮಳೆಗಳಲ್ಲಿ ನಿಂತು ನಮಗಾಗಿ ಕಾದಿತ್ತು. ಕಡಿದ ಮರ ಒಂದು ವಾರವೂ ಕಾಯುವುದಿಲ್ಲ.