ಉಲ್ಲೇಖಗಳ ಎಣಿಕೆ ಏನನ್ನು ಹೇಳುತ್ತದೆ? ಸಂಖ್ಯಾಶಾಸ್ತ್ರ ತರಗತಿಗೊಂದು ಉದಾಹರಣೆ

‘ಇವರು ದೊಡ್ಡ ಸಂಶೋಧಕರು’ ಎಂದು ತರಗತಿಯಲ್ಲಿ ಹೇಳಿದರೆ, ‘ದೊಡ್ಡವರು ಅಂತ ಹೇಗೆ ಗೊತ್ತು ಸರ್?’ ಎಂದು ಮಕ್ಕಳು ಕೇಳುವುದುಂಟು. ಸಾಮಾನ್ಯವಾಗಿ ಇದಕ್ಕೆ ಎರಡು ಸಂಖ್ಯೆಗಳನ್ನು ತೋರಿಸುತ್ತಾರೆ: ಅವರು ಪ್ರಕಟಿಸಿದ ಪ್ರಬಂಧಗಳೆಷ್ಟು, ಇತರರು ತಮ್ಮ ಪ್ರಬಂಧಗಳಲ್ಲಿ ಅವನ್ನು ಉಲ್ಲೇಖಿಸಿದ್ದು ಎಷ್ಟು ಬಾರಿ. ಈ ಸಂಖ್ಯೆಗಳ ಅರ್ಥವನ್ನೂ ಮಿತಿಯನ್ನೂ ಪ್ರೌಢಶಾಲೆಯ ಸಂಖ್ಯಾಶಾಸ್ತ್ರ ಪಾಠದ ಜೊತೆಗೇ ಬೋಧಿಸಬಹುದು. ಹಂಗಳದ ಮಕ್ಕಳಿಗೆ ಪರಿಚಿತವಾದ ಮೈಸೂರಿನಲ್ಲೇ ಅದಕ್ಕೊಂದು ಉದಾಹರಣೆ ಇದೆ.

ಇಂಗ್ಲೆಂಡಿನ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ (1938–2013) ಮತ್ತು ಸಂಗಡಿಗರು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹುಟ್ಟಿದಾಗ ಮತ್ತು ಒಂದು ವರ್ಷದಲ್ಲಿ ತೂಕ ಕಡಿಮೆ ಇದ್ದ ಗಂಡಸರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂಬುದು ಅದರ ಸಾರ. ಇದನ್ನು ಒಪ್ಪಿದವರೂ ಪ್ರಶ್ನಿಸಿದವರೂ ಉಲ್ಲೇಖಿಸಿದರು. ಭಾರತದಲ್ಲೂ ಹೀಗೆಯೇ ಇದೆಯೇ ಎಂದು ನೋಡಲು ಹಳೆಯ ಜನನ ದಾಖಲೆಗಳು ಬೇಕಿದ್ದವು. ಅವು ಸಿಕ್ಕಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. 1934–1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ನೆಲೆಸಿದ್ದ 517 ಜನರನ್ನು ಸ್ಟೈನ್, ಫಾಲ್, ಕುಮಾರನ್, ಬಾರ್ಕರ್ ಮೊದಲಾದವರು ಪರೀಕ್ಷಿಸಿ, 1996ರಲ್ಲಿ ಅದೇ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುತೂಕ 2.5 ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ, 3.1 ಕೆ.ಜಿ. ಅಥವಾ ಹೆಚ್ಚು ಇದ್ದವರಲ್ಲಿ ಶೇ. 3 ಮಂದಿಗೆ ಹೃದ್ರೋಗ ಕಂಡುಬಂದಿತ್ತು.

ಈಗ ಎಣಿಕೆಗೆ ಬರೋಣ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕವನ್ನು ಕಪ್ಪುಹಲಗೆಯ ಮೇಲೆ ಸುಲಭವಾಗಿ ತೋರಿಸಬಹುದು. ಒಬ್ಬ ಕಾಲ್ಪನಿಕ ಸಂಶೋಧಕರ ಆರು ಪ್ರಬಂಧಗಳಿಗೆ ಬಂದ ಉಲ್ಲೇಖಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ: 40, 9, 5, 4, 2, 0. ನಾಲ್ಕನೆಯ ಪ್ರಬಂಧಕ್ಕೆ 4 ಉಲ್ಲೇಖಗಳಿವೆ. ಐದನೆಯದಕ್ಕೆ 5 ಇಲ್ಲ. ಆದ್ದರಿಂದ ಸೂಚ್ಯಂಕ 4. ಮೊತ್ತ 60, ಸರಾಸರಿ 10. ಇನ್ನೊಬ್ಬರ ಆರೂ ಪ್ರಬಂಧಗಳಿಗೆ ತಲಾ 10 ಉಲ್ಲೇಖಗಳಿದ್ದರೆ ಸರಾಸರಿ ಅದೇ 10, ಸೂಚ್ಯಂಕ ಮಾತ್ರ 6. ಒಂದೇ ದೊಡ್ಡ ಸಂಖ್ಯೆ ಸರಾಸರಿಯನ್ನು ಹೇಗೆ ಎಳೆಯುತ್ತದೆ ಎಂಬುದು ಮಕ್ಕಳಿಗೆ ಇಲ್ಲಿ ತಾನಾಗಿಯೇ ಕಾಣುತ್ತದೆ.

ಉಲ್ಲೇಖ ಹೆಚ್ಚಿದ್ದರೆ ಸಂಶೋಧನೆ ನಿಜವೇ? ಹಾಗೇನಿಲ್ಲ. ಕೇವಲ 12 ಮಕ್ಕಳನ್ನು ಆಧರಿಸಿ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರ 1998ರ ಪ್ರಬಂಧವೂ ಬಹಳ ಉಲ್ಲೇಖಗೊಂಡಿದೆ. ಅದನ್ನು ಅಲ್ಲಗಳೆಯಲು ಉಲ್ಲೇಖಿಸಿದ್ದೂ ಎಣಿಕೆಗೆ ಸೇರುತ್ತದೆ. ‘ಲ್ಯಾನ್ಸೆಟ್’ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಒಂದು ಕೆಲಸ ಎಷ್ಟು ಚರ್ಚೆಗೆ ಬಂತು ಎಂಬುದನ್ನಷ್ಟೇ ಎಣಿಕೆ ತಿಳಿಸುತ್ತದೆ. ನಿಜವೇ ಎಂದು ತಿಳಿಯಲು ದತ್ತಾಂಶವನ್ನೇ ನೋಡಬೇಕು: ಎಷ್ಟು ಜನರನ್ನು ನೋಡಿದರು, ಅವರನ್ನು ಹೇಗೆ ಆರಿಸಿದರು, ಬೇರೆಡೆಯೂ ಹೀಗೆಯೇ ಕಂಡಿತೇ? ಮೈಸೂರಿನ ಅಧ್ಯಯನಕ್ಕೂ ಇದೇ ಪ್ರಶ್ನೆ ಹಾಕಬಹುದು. ಊರು ಬಿಟ್ಟು ಹೋದವರು, ಅಷ್ಟರಲ್ಲಿ ತೀರಿಕೊಂಡವರು ಆ 517ರಲ್ಲಿ ಇಲ್ಲ.

ಬೋಧಿಸುವಾಗ ಎರಡು ಎಚ್ಚರಿಕೆಗಳು ಅಗತ್ಯ. ತಾಯಿ ಕಾರ್ಡಿನಲ್ಲಿರುವ ಹುಟ್ಟುತೂಕವನ್ನು ತರಗತಿಯಲ್ಲಿ ಎಲ್ಲರೆದುರು ಹೇಳಿಸಬಾರದು. ಅದು ಮಗುವಿನ ಖಾಸಗಿ ವಿಷಯ. ಕಡಿಮೆ ತೂಕದಲ್ಲಿ ಹುಟ್ಟಿದ ಮಗು ‘ನನಗೂ ಹೃದ್ರೋಗ ಬರುತ್ತದೆ’ ಎಂದು ಹೆದರುವಂತೆಯೂ ಆಗಬಾರದು. ಶೇ. 11 ಎಂದರೆ ಉಳಿದ ಶೇ. 89 ಮಂದಿಯಲ್ಲಿ ರೋಗ ಕಾಣಲಿಲ್ಲ ಎಂದೇ ಅರ್ಥ. ಗುಂಪಿನ ಪ್ರಮಾಣ ಒಬ್ಬರ ಹಣೆಬರಹವಲ್ಲ ಎಂಬ ಮಾತನ್ನು ಈ ಪಾಠದಲ್ಲಿ ಬಿಡಿಸಿ ಹೇಳಲೇಬೇಕು.

ಪಾಠದ ಕೊನೆಗೆ ಮೌಲ್ಯಮಾಪನಕ್ಕಾಗಿ ಒಂದು ಪ್ರಶ್ನೆ ಕೊಡಬಹುದು: ಈ ಸಂಶೋಧನೆಗೆ ದುಡಿದವರಲ್ಲಿ ಯಾರ ಹೆಸರು ಯಾವ ಸೂಚ್ಯಂಕದಲ್ಲೂ ಬರುವುದಿಲ್ಲ? ಪ್ರತಿ ಶಿಶುವನ್ನೂ ತೂಗಿ ದಾಖಲೆಯಲ್ಲಿ ಬರೆದಿಟ್ಟವರನ್ನು ಮಕ್ಕಳು ತಾವಾಗಿಯೇ ಹೆಸರಿಸಿದರೆ, ಪಾಠ ತಲುಪಿದೆ ಎಂದು ತಿಳಿಯಬಹುದು.